ಬಚ್ಚಲಿನಲ್ಲಿರುವ ಯಜಮಾನರಿಗೆ

ಮೇಲ್ಮನೆಯ ಯಜಮಾನರಿಗೆ ನಮಸ್ಕಾರ.

ನೀರು ನಿಂತಿತೆಂದು ನೀವು ಬಚ್ಚಲಿನಿಂದ ಕೂಗುತ್ತಿರುವುದು ಕೆಳಗಿನವರೆಗೂ ಕೇಳುತ್ತಿದೆ. ಈ ಕಾಗದವನ್ನು ನಿಮ್ಮ ಮನೆಯವರು ಬಾಗಿಲಾಚೆಯಿಂದ ಓದಿ ಹೇಳಲಿ. ಪಂಪ್ ಕೆಟ್ಟಿಲ್ಲ, ರಿಪೇರಿಯವನನ್ನು ಕರೆಸಬೇಡಿ.

"ಏನಮ್ಮಾ, ಆ ಡಬ್ಬ ಹಗಲೂ ರಾತ್ರಿ ಕರೆಂಟ್ ಕುಡೀತಾ ಕೂತಿದೆಯಲ್ಲ!" ಎಂದು ನಿನ್ನೆ ಮತ್ತೆ ನನ್ನ ಫ್ಯೂಸ್ ಕಿತ್ತಿರಿ. ಅದು ಗಡಿಯಾರಗಳನ್ನು ತಿದ್ದುವ ನನ್ನ ರುಬಿಡಿಯಂ ಯಂತ್ರ, ಸರಿಯಾದ ಸಮಯ ತೋರಿಸಲು ಸದಾ ಬೆಚ್ಚಗಿರಬೇಕು. ಒಮ್ಮೆ ತಣ್ಣಗಾದರೆ ವಾರಗಟ್ಟಲೆ ತೆಗೆದ ಅಳತೆಯೆಲ್ಲ ಮಣ್ಣುಪಾಲು.

ಅದು ನಿಜಕ್ಕೂ ಎಷ್ಟು ಕುಡಿಯುತ್ತದೆಂದು ನೋಡಲು ಮೊನ್ನೆ ಅದೊಂದನ್ನು ಬಿಟ್ಟು ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದೆ. ಆ ಪುಟ್ಟ ಡಬ್ಬಕ್ಕೆ ತಿರುಗಬಾರದಷ್ಟು ಜೋರಾಗಿ ನನ್ನ ಮೀಟರ್ ಗಿರಗಿರನೆ ತಿರುಗುತ್ತಿತ್ತು. ಹೊರಗೆ ನಿಮ್ಮ ಪಂಪ್ ಓಡುತ್ತಿತ್ತು; ಅದು ನಿಂತೊಡನೆ ಮೀಟರೂ ನಿಧಾನವಾಯಿತು. ಅದರ ವೈರನ್ನು ನನ್ನ ಮೀಟರಿಗೆ ಸೇರಿಸಿದ್ದು ನಿಮಗೇ ಮರೆತುಹೋಗಿರಬೇಕು. ನಾನೂ ಬಾಯಿಬಿಡಲಿಲ್ಲ. ಯಂತ್ರಕ್ಕೊಂದು ದೊಡ್ಡ ಬ್ಯಾಟರಿ ಜೋಡಿಸಿ, ನೀವು ಮತ್ತೆ ಫ್ಯೂಸ್ ಕೀಳುವುದನ್ನೇ ಕಾಯುತ್ತಾ ಕೂತೆ.

ಡಬ್ಬ ಬೆಚ್ಚಗಿದೆ, ನಿನ್ನೆಯಿಂದ ಪಂಪ್ ಓಡದೆ ನಿಮ್ಮ ಟ್ಯಾಂಕ್ ಬರಿದಾಗಿದೆ. ನನಗೆ ಪಂಪ್ ಬೇಡದ ಅಂಗಳದ ನಲ್ಲಿ ಸಾಕು. ಫ್ಯೂಸ್ ನೀವು ಎಸೆದಲ್ಲೇ, ನನ್ನ ಹೊಸ್ತಿಲ ಮೇಲೆ ಬಿದ್ದಿದೆ, ನಾನು ಮುಟ್ಟುವುದಿಲ್ಲ. ಕಿತ್ತ ಕೈಯಿಂದಲೇ ಹಾಕಿ. ಬರುವ ಮುಂಚೆ ಸೋಪನ್ನು ಚೆನ್ನಾಗಿ ಒರೆಸಿಕೊಳ್ಳಿ, ಒದ್ದೆ ಕೈಯಲ್ಲಿ ಫ್ಯೂಸ್ ಮುಟ್ಟಬಾರದು.

ಇಂತಿ,
ಇಷ್ಟು ದಿನ ನಿಮಗೆ ಸ್ನಾನ ಮಾಡಿಸಿದ ಕೆಳಮನೆಯ ಬಾಡಿಗೆಯವಳು