ಅಣ್ಣನ ಬಲಗಾಲು

ಫೆಬ್ರವರಿ 3, ಸೋಮವಾರ. ಶಿರಸಿ. ಬೆಳಿಗ್ಗೆ 9.20

ಸ್ವಸ್ತಿ ಶ್ರೀಮದ್ ಗಗನಮಂಡಲ ಸಂಚಾರಿ, ಮೇಘಮರ್ದನ, ಗಾಳಿಗುಂಡಿಗಳ ಗಂಡ, ಎಪ್ಪತ್ತೆರಡು ಸೀಟುಗಳ ರಕ್ಷಾಮಣಿ, ಎಡಬದಿಯ ಕ್ಯಾಪ್ಟನ್ ಸೀಟು ಇನ್ನೂ ದಕ್ಕದ ಬಲಬದಿ ಸೀಟಿನ ಸಾರ್ವಭೌಮ, ಕೋ-ಪೈಲಟ್ ಶಂಭುಲಿಂಗ ಮಹಾಪ್ರಭುಗಳು ಅವ್ವನ ಆಜ್ಞೆಯಂತೆ ಹಿತ್ತಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಈ ದಿನಚರಿಗೆ ಅಪ್ಪಣೆ ಕೊಡಿಸುವುದೇನೆಂದರೆ —

ರಜೆ. ನಾಲ್ಕು ದಿನ. ಇಂದು ಎರಡನೆಯದು. ಬೆಳ್ಳುಳ್ಳಿ ವಾಸನೆ ಪುಟಕ್ಕೂ ಹತ್ತಿತು.

ಅಣ್ಣ ಐದೂವರೆಗೇ ಡ್ಯೂಟಿಗೆ ಹೋಗಿದ್ದಾನೆ. ಸರ್ಕಾರಿ ಬಸ್ಸು. ಸಿದ್ದಾಪುರ–ಶಿರಸಿ–ಯಲ್ಲಾಪುರ. ಅವ್ವ ಇಲ್ಲಿಯವರೆಗೆ ಮೂರು ಸಲ ಕೇಳಿದಳು, "ಮಧು ಚಾ ಕುಡುದು ಹೋದ್ನೋ ಇಲ್ಲೋ?" ನಾನು ಕುಡಿದೆನೋ ಇಲ್ಲವೋ — ಯಾರಿಗೂ ಬೇಕಿಲ್ಲ.

ಇನ್ನೊಂದು ಸುದ್ದಿ. ಅಣ್ಣನಿಗೆ ಪದಕ! ಹದಿನೈದು ವರ್ಷ, ಒಂದೂ ಅಪಘಾತವಿಲ್ಲ. ಹದಿನೆಂಟಕ್ಕೆ ಬೆಂಗಳೂರಿನಲ್ಲಿ ಸಮಾರಂಭ. ಪಕ್ಕದ ಮನೆಯ ಗಂಗಾಂಬಿಕಾ ಬಾಯಿ ಸಕ್ಕರೆ ಹಂಚಿಕೊಂಡು ಬಂದರು. ನನ್ನನ್ನು ನೋಡಿ, "ಇಂವಾ ಏನ್ ಮಾಡ್ತಾನ್ರಿ?"

ಅವ್ವ ಹೇಳಿದಳು: "ಇವನೂ ಡ್ರೈವರೇ. ಮ್ಯಾಲಿಂದು."

ಫೆಬ್ರವರಿ 4. ಯಲ್ಲಾಪುರ ಬಸ್‌ಸ್ಟ್ಯಾಂಡ್. ಬೆಳಿಗ್ಗೆ 10.45

ಅಣ್ಣನ ಬಸ್ಸಿನಲ್ಲೇ ಬಂದೆ. ಸಿದ್ದಾಪುರದಿಂದ. ರಾಜಪರಿವೀಕ್ಷಣೆ.

ಕಾನಸೂರು ಬಿಟ್ಟ ಮೇಲೆ ಎದ್ದು ನಿಂತು ಘೋಷಿಸಿದೆ. "ಮಹನೀಯರೇ, ಮಹಿಳೆಯರೇ. ಈ ವಾಹನಕ್ಕೆ ಎರಡು ಬಾಗಿಲು. ಹಿಂದಿನದು ತೆರೆಯುವುದಿಲ್ಲ, ಮುಂದಿನದು ಮುಚ್ಚುವುದಿಲ್ಲ. ಆಮ್ಲಜನಕ ಕಿಟಕಿಯಿಂದ ತಾನಾಗಿ ಬರುತ್ತದೆ." ಶಾಲೆ ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಅಣ್ಣ ಹಿಂದೆ ತಿರುಗಲಿಲ್ಲ. "ಕುಂದ್ರೋ ತಮ್ಮಾ, ತಿರುವು ಐತಿ." ಅಷ್ಟೇ.

ಕಂಡಕ್ಟರ್ ಜಟ್ಟಪ್ಪಣ್ಣ — ಅಣ್ಣನ ಜೊತೆ ಹದಿನಾಲ್ಕು ವರ್ಷ ಇದೇ ದಾರಿ ಸವೆಸಿದವನು — ಪಕ್ಕದಲ್ಲಿ ಕೂತು ವಿಚಾರಣೆ ಶುರುಮಾಡಿದ.

"ಅಲ್ಲಾ ಮಾರಾಯ, ಅಲ್ಲಿ ಇಬ್ರು ಡ್ರೈವರು ಎಂತಕ್ಕೆ?"

ವಿವರಿಸಿದೆ. ಒಂದು ಹಾರಾಟ ಕ್ಯಾಪ್ಟನ್ ಕೈಯಲ್ಲಿ, ಮುಂದಿನದು ನನ್ನ ಕೈಯಲ್ಲಿ. ಹೀಗೆ ಸರದಿ. ಕೈಯಲ್ಲಿ ಕಂಟ್ರೋಲ್ ಇಲ್ಲದವನು ರೇಡಿಯೋದಲ್ಲಿ ಮಾತಾಡಬೇಕು, ತಪಾಸಣೆ ಪಟ್ಟಿ ಓದಬೇಕು, ಪ್ರಯಾಣಿಕರಿಗೆ ಅನೌನ್ಸ್ ಮಾಡಬೇಕು.

ಜಟ್ಟಪ್ಪಣ್ಣ ಗಹನವಾಗಿ ಯೋಚಿಸಿದ. "ಹಂಗಾರೆ ಅರ್ಧ ದಿನ ನೀನು ಕಂಡಕ್ಟರು."

ಇಡೀ ಬಸ್ಸು ನಕ್ಕಿತು. ಈ ಸಲ ಅಣ್ಣನೂ.

ಕಂಡದ್ದು ಬರೆದಿಡಬೇಕು. ಹೊನ್ನಿ ಅಂತ ಒಬ್ಬಳು ಮುದುಕಿ, ಸ್ಟಾಪೇ ಇಲ್ಲದ ಕಡೆ ಕೈ ಅಡ್ಡ ಹಿಡಿದಳು. ಬಸ್ಸು ನಿಂತಿತು. ಇಳಿಯುವಾಗ ಅಣ್ಣನ ಸೀಟಿನ ಪಕ್ಕ ಎರಡು ಸೌತೆಕಾಯಿ ಇಟ್ಟು ಹೋದಳು. ಒಬ್ಬ ಮಾಸ್ತರು ತಮ್ಮ ತಾಯಿಯ ಮಾತ್ರೆ ಚೀಟಿ ಕೊಟ್ಟರು — ಯಲ್ಲಾಪುರದಲ್ಲಿ ತಂದುಕೊಡು ಅಂತ. ಒಂದು ಕೂಸು ಟಾಟಾ ಮಾಡಿತು, ಹೆಸರು ಹಿಡಿದು. "ಮಧು ಮಾಮಾ!"

ನನ್ನ ಹಿಂದೆ ಎಪ್ಪತ್ತು ಜನ ಕೂರುತ್ತಾರೆ. ನಡುವೆ ಬೀಗ ಹಾಕಿದ ಬಾಗಿಲು. ಇಳಿಯುವಾಗ ಥ್ಯಾಂಕ್ಯೂ ಹೇಳುವುದು ಬಾಗಿಲ ಬಳಿ ನಿಂತ ಹುಡುಗಿಗೆ. ಇಲ್ಲಿಯವರೆಗೆ ಯಾರೂ ಒಂದು ಸೌತೆಕಾಯಿ ಕೊಟ್ಟಿಲ್ಲ.

ಫೆಬ್ರವರಿ 5. ಮಧ್ಯಾಹ್ನ

ಅಣ್ಣನಿಗೆ ವಾರದ ರಜೆ. ಬನವಾಸಿಗೆ ಸೋದರಮಾವನ ಮನೆಗೆ. ಕಾರು ಮಾವನ ಮಗ ಗಿರೀಶನದು, ಓಡಿಸಿದ್ದೂ ಅವನೇ. ಅಣ್ಣ ಮುಂದೆ. ನಾನು ಹಿಂದೆ, ಅವ್ವನ ಹೋಳಿಗೆ ಡಬ್ಬಿ ತೊಡೆಯ ಮೇಲೆ.

ಅಣ್ಣ ಇಡೀ ದಾರಿ ಕಣ್ಣು ಪಿಳುಕಿಸಲಿಲ್ಲ. ಪ್ರತಿ ತಿರುವಿಗೂ ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಕಾಲ ಕೆಳಗಿನ ಮ್ಯಾಟ್ ಸುಕ್ಕಾಯಿತು.

"ಅಣ್ಣಾ, ಆ ಬದಿಗೆ ಬ್ರೇಕ್ ಇಟ್ಟಿಲ್ಲ. ಕಂಪನಿಗೆ ಪತ್ರ ಬರೆಯೋಣವೇ?"

"ಬಾಯಿ ಮುಚ್ಚೋ. ಎದ್ರಿಗೆ ಲಾರಿ ಐತಿ."

ಲಾರಿ ಅರ್ಧ ಮೈಲಿ ದೂರ ಇತ್ತು.

ಫೆಬ್ರವರಿ 9, ಭಾನುವಾರ. ಬೆಂಗಳೂರು

ಬೆಳಿಗ್ಗೆ ಗೋವಾ. ನನ್ನ ಸರದಿ. ಯಲ್ಲಾಪುರದ ಕಾಡಿನ ಮೇಲೆ ಮಂಜು... ಮೇಲಿನಿಂದ ನೋಡಿದರೆ ಯಾರೋ ಹತ್ತಿ ಹಿಂಜಿ ಒಣಗಲು ಹಾಕಿದ ಹಾಗೆ. ಅದರ ನಡುವೆ ಒಂದು ಬೂದು ಗೀರು. ರಸ್ತೆ. ಆ ಹೊತ್ತಿಗೆ ಅಣ್ಣ ಅದರ ಮೇಲೇ ಇದ್ದಿರಬೇಕು.

ಇಲ್ಲಿ ತಮಾಷೆ ಬದಿಗಿಡುತ್ತೇನೆ. ಐದು ನಿಮಿಷ.

ಅಪ್ಪ ತೀರಿಕೊಂಡಾಗ ನಾನು ಎಂಟನೇ ಕ್ಲಾಸು. ಅಪ್ಪನೂ ಡ್ರೈವರ್. ಅಣ್ಣ ಬಿ.ಎಸ್ಸಿ. ಎರಡನೇ ವರ್ಷ ಬಿಟ್ಟು ಅಪ್ಪನ ಕೆಲಸಕ್ಕೆ ಸೇರಿದ. ವಿಮಾನದ ಹುಚ್ಚು ಮೊದಲು ಅವನದು. ಗೋಡೆಯ ಮೇಲೆ ಪೇಪರಿನಿಂದ ಕತ್ತರಿಸಿ ಅಂಟಿಸಿದ ಚಿತ್ರಗಳು ಅವನವು. ನನಗೆ ಬಂದದ್ದು ಅಂಟು. ನಾನು ಕೂತಿರುವ ಸೀಟಿನ ಕೆಳಗೆ ಅವನ ಭುಜ ಇದೆ. ಗೊತ್ತು. ದಿನಾ ಬೆಳಿಗ್ಗೆ ಬೆಲ್ಟ್ ಬಿಗಿಯುವಾಗ ನೆನೆಯುತ್ತೇನೆ. ಯಾರಿಗೂ ಹೇಳಿಲ್ಲ.

ಆದರೂ. ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಬರಬೇಕಿತ್ತಲ್ಲ? ಒಂದು ಚೂರು? ಬರುವುದಿಲ್ಲ. ಊಟ ಮಾಡಿದ್ಯಾ ಅಂತ ಕೇಳುತ್ತಾನೆ, ಹಾಸಿಗೆ ಝಾಡಿಸಿ ಮಲಗುತ್ತಾನೆ. ಹೊಟ್ಟೆಕಿಚ್ಚೆಲ್ಲ ನನ್ನ ಪಾಲಿಗೇ ಬಂದಿದೆ. ಅವನ ಪದಕದ ಮೇಲೆ, ಮುದುಕಿಯ ಸೌತೆಕಾಯಿಯ ಮೇಲೆ.

ಐದು ನಿಮಿಷ ಆಯಿತು.

ರಾಜತಂತ್ರ: ಪದಕಕ್ಕೆ ಅಣ್ಣ ಹುಬ್ಬಳ್ಳಿಯಿಂದ ನನ್ನ ವಿಮಾನದಲ್ಲೇ ಬರಬೇಕು. ಸ್ಟಾಫ್ ಟಿಕೆಟ್ ಆಯಿತು. ಇನ್ನೊಬ್ಬ ಕೋ-ಪೈಲಟ್ ವಿನೋದನ ಕಾಲು ಹಿಡಿದು ಡ್ಯೂಟಿ ಬದಲಾಯಿಸಿಕೊಂಡೆ. ಇಳಿದ ಮೇಲೆ ಅಣ್ಣ ಒಂದೇ ಒಂದು ಮಾತು ಅನ್ನಬೇಕು — "ಭೇಷ್ ತಮ್ಮಾ." ಅಷ್ಟಾದರೆ ಈ ಸಾಮ್ರಾಜ್ಯ ತೃಪ್ತ.

ಫೆಬ್ರವರಿ 17, ಸೋಮವಾರ. ಬೆಂಗಳೂರು. ಸಂಜೆ 4.40

ಮಲಗಿದ್ದನಂತೆ.

ಮಲಗಿದ್ದ!

ಕ್ರಮವಾಗಿ ಬರೆಯುತ್ತೇನೆ. ಹುಬ್ಬಳ್ಳಿಯಿಂದ ಹೊರಟೆವು. ಮೋಡ ದಾಟಿದ ಮೇಲೆ ಕ್ಯಾಪ್ಟನ್ ಆನಂದ್ ಸರ್ ತಲೆಯಾಡಿಸಿದರು. ಮೈಕ್ ಹಿಡಿದೆ. ವಾರದಿಂದ ಬಾಯಿಪಾಠ ಮಾಡಿದ್ದು.

"ಮಾನ್ಯ ಪ್ರಯಾಣಿಕರೇ, ನಿಮ್ಮ ಕೋ-ಪೈಲಟ್ ಮಾತಾಡುತ್ತಿದ್ದೇನೆ. ಘಟ್ಟದ ತಿರುವುಗಳಲ್ಲಿ ಹದಿನೈದು ವರ್ಷ ಒಂದು ಕೋಳಿಮರಿಗೂ ನೋವು ಮಾಡದ ಚಕ್ರವರ್ತಿ ಮಧುಕೇಶ್ವರ ಅವರು ನಾಳೆ ಪದಕ ಸ್ವೀಕರಿಸಲು ನಮ್ಮೊಡನೆ ಬರುತ್ತಿದ್ದಾರೆ. ವಿಮಾನ ತಿರುಗುವಾಗ ಅವರು ಬ್ರೇಕ್ ತುಳಿದರೆ ಯಾರೂ ಗಾಬರಿಯಾಗಬಾರದು."

ಚಪ್ಪಾಳೆ ಬೀಗದ ಬಾಗಿಲಾಚೆಯಿಂದಲೂ ಕೇಳಿಸಿತು. ಅಣ್ಣನ ಕಿವಿ ಕೆಂಪಾಗಿರಬೇಕು ಅಂದುಕೊಂಡೆ. ಇಳಿದದ್ದೂ ಅಷ್ಟೇ ನಯ. ಹಾಲಿನ ಮೇಲೆ ಕೆನೆ ಕೂತ ಹಾಗೆ.

ಗಗನಸಖಿ ಅಭಿಜ್ಞಾ ಬಂದಳು. ನಗು ತಡೆಯುತ್ತಿದ್ದಳು. "ಸರ್, ನಿಮ್ಮಣ್ಣ ಕೇಳಿಸಿಕೊಳ್ಳಲೇ ಇಲ್ಲ. ಮೇಲೇರುವ ಮೊದಲೇ ನಿದ್ದೆ. ಚಪ್ಪಾಳೆಗೂ ಏಳಲಿಲ್ಲ. ನಿಂತ ಮೇಲೆ ನಾನೇ ಎಬ್ಬಿಸಿದೆ."

ಹೊರಗೆ ಸಿಕ್ಕ. ಕಣ್ಣುಜ್ಜುತ್ತ ನಿಂತಿದ್ದ.

"ಇಷ್ಟ ಲಗೂ ಬಂದ್ವೇನೋ?"

"ಹೇಗಿತ್ತು?"

"ಏನು?"

"ವಿಮಾನ!"

"ಚಲೋ ಐತಿ. ಸೀಟ್ ಮೆತ್ತಗಿತ್ತು."

ಫೆಬ್ರವರಿ 18

ಸಮಾರಂಭ. ಪದಕ ಹಾಕಿದರು. ಫೋಟೋ ತೆಗೆದೆ. ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ.

ವಾಪಸ್ ಹೋಗಲು ರೈಲು ಹತ್ತಿಸಿದೆ. "ಸಿಟ್ಟೇನೋ?" ಅಂದ. "ಮಹಾಪ್ರಭುಗಳಿಗೆ ಸಿಟ್ಟು ಬರುವುದಿಲ್ಲ" ಅಂದೆ.

ಮಾರ್ಚ್ 2, ಭಾನುವಾರ. ಮಂಚೀಕೇರಿ. ಬೆಳಿಗ್ಗೆ 10

ಮತ್ತೆ ರಜೆ. ಅವ್ವನ ಒತ್ತಾಯಕ್ಕೆ ಬಂದೆ. ಮತ್ತೆ ಅದೇ ಬಸ್ಸು. ಇವತ್ತು ಘೋಷಣೆ ಇಲ್ಲ.

ಚಹಾಕ್ಕೆ ನಿಂತಿದ್ದೇವೆ. ಅಣ್ಣ ಟಯರ್ ಒದ್ದು ನೋಡುತ್ತಿದ್ದಾನೆ. ಜಟ್ಟಪ್ಪಣ್ಣ ಈಗಷ್ಟೇ ನನ್ನ ಬಳಿ ಕೂತು ಹೇಳಿದ್ದು, ಅವನ ಮಾತಿನಲ್ಲೇ:

"ಅಂವ ವಿಮಾನದಲ್ಲಿ ಮಲಗಿದ್ನಂತಲ್ಲ ಮಾರಾಯ!"

"ಹೂಂ. ಸೀಟು ಮೆತ್ತಗಿತ್ತಂತೆ."

ಗ್ಲಾಸು ಕೆಳಗಿಟ್ಟ. "ತಮಾಷೆ ಮಾಡಬೇಡ. ಹದಿನಾಲ್ಕು ವರ್ಷ ಆತು ನಾ ಕಂಡು. ಬೇರೆಯವರು ಹೊಡೆಯೋ ಗಾಡೀಲಿ ಅಂವ ಕಣ್ಣು ಮುಚ್ಚಿದ್ದೇ ಇಲ್ಲ. ತಿರುಪತಿಗೆ ಹೋಗಿದ್ವಿ ಎಲ್ಲರೂ. ಹೋಗ್ತಾ ಬರ್ತಾ ಡ್ರೈವರನ ಹಿಂದೆ ಕೂತು ಬ್ರೇಕ್ ತುಳಿದಿದ್ದೇ ತುಳಿದಿದ್ದು. ಎರಡು ದಿನ ಕಾಲು ಬಾತಿತ್ತು."

"ಮತ್ತೆ?"

"ಮತ್ತೆಂತದು? ಬೆಂಗಳೂರಿಂದ ಬಂದವ ಡಿಪೋದಲ್ಲಿ ಪದಕ ತೋರಿಸ್ಲಿಲ್ಲ. ಜೇಬಲ್ಲೇ ಇತ್ತು. ಎಲ್ಲರ ಎದುರಿಗೆ ಇದನ್ನೇ ಹೇಳಿದ್ದು. 'ಸ್ಟೇರಿಂಗ್ ಮ್ಯಾಲೆ ನನ್ ತಮ್ಮ ಕುಂತಿದ್ದ. ಕಾಲು ತಾನೇ ಸುಮ್ನಾತು' ಅಂದ."

ಚಹಾ ಆರಿತು. ಕೆನೆ ಕಟ್ಟಿತು. ಕುಡಿದೆ.

ಸೀಟಿ. ಹೊರಡಬೇಕು.

ಮಾರ್ಚ್ 2. ಮನೆ. ಸಂಜೆ 6

ಸ್ವಸ್ತಿ ಶ್ರೀಮದ್ ಗಗನ... ಬೇಡ.

ಹದಿನೇಳರ ಪುಟದಲ್ಲಿ "ಹೊರಟೆವು" ಅಂತ ಬರೆದಿದ್ದೇನೆ. "ಇಳಿದದ್ದೂ ಅಷ್ಟೇ ನಯ" ಅಂತಲೂ. ಯಾರು ಇಳಿಸಿದರು ಅಂತ ಬರೆದಿಲ್ಲ.

ಆ ದಿನ ಹುಬ್ಬಳ್ಳಿಯಲ್ಲಿ ಬಾಗಿಲು ಹಾಕುವ ಮೊದಲು ಆನಂದ್ ಸರ್ ಕೇಳಿದ್ದರು. "ಸರದಿ ನನ್ನದು. ಆದರೆ ನಿಮ್ಮಣ್ಣ ಇದ್ದಾರಲ್ಲ, ಇದನ್ನು ನೀನೇ ಹಾರಿಸ್ತೀಯಾ?"

ಹಾರಿಸುವವನು ಅನೌನ್ಸ್ ಮಾಡುವಂತಿಲ್ಲ. ನನಗೆ ಮೈಕ್ ಬೇಕಿತ್ತು. ಬೇಡ ಸರ್, ನೀವೇ ಹಾರಿಸಿ ಅಂದೆ.

ಕಂಟ್ರೋಲ್ ಮುಟ್ಟಲೇ ಇಲ್ಲ. ಆ ಒಂದು ಗಂಟೆ ನಾನು ಕಂಡಕ್ಟರು. ಅಣ್ಣನ ಕಾಲು ಸುಮ್ಮನಾದದ್ದು ಆನಂದ್ ಸರ್ ಕೈಯಲ್ಲಿ. ಒಂದು ತಿಂಗಳಿಂದ ಅಣ್ಣನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಈಗ ಆ ಮನುಷ್ಯನ ಮೇಲೆ ತಿರುಗಿದೆ.

ಒಳಗೆ ಅಣ್ಣ ಅವ್ವನಿಗೆ ಮತ್ತೆ ಹೇಳುತ್ತಿದ್ದಾನೆ. "ತಮ್ಮ ಕೆಳಗ ಇಳಿಸಿದ್ದು ಗೊತ್ತಾಗ್ಲೇ ಇಲ್ಲವ್ವಾ." ಅವ್ವ ಕೇಳುತ್ತಿದ್ದಾಳೆ, "ಶಂಭು ಚಾ ಕುಡುದ್ನೋ ಇಲ್ಲೋ?"

ಎದ್ದು ಹೋಗಿ ಹೇಳಿಬಿಡುತ್ತೇನೆ. ಈಗಲೇ. ಈ ಸಾಲು ಮುಗಿದ ಕೂಡಲೇ, ಚಹಾ ಕುಡಿದು, ಅಣ್ಣ ಇನ್ನೊಂದು ಸಲ ಅದನ್ನು ಹೇಳಿ ಮುಗಿಸಿದ ಮೇಲೆ —