ಅರಿಶಿನ ಕಟ್ಟಿದ ಟ್ರ್ಯಾಪು

ಡುವಾಲ್,
ಭಾನುವಾರ, ನವೆಂಬರ್ 1, 2015

ಪ್ರಿಯ ಅಶ್ವತ್ಥ,

‘ಪ್ರಿಯ’ ಎಂದು ಬರೆದದ್ದಕ್ಕೆ ಹಿಗ್ಗಬೇಡ. ಕೋಪ ಇನ್ನೂ ಇದೆ. ಆದರೆ ಕಾಗದ ಬರೆಯಲು ಕೂತರೆ ಬೇರೆ ರೀತಿ ಶುರು ಮಾಡಲು ನನಗೆ ಬರುವುದಿಲ್ಲ. ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ಸ್ಪೀಕರ್ ಹಾಕಿಕೊಂಡು ಲ್ಯಾಪ್‌ಟಾಪ್ ನೋಡುತ್ತ ಹೂಂಗುಟ್ಟುತ್ತೀಯ, ನಾನು ಸಿಡುಕುತ್ತೇನೆ, ಅಲ್ಲಿಗೆ ಮುಗಿಯಿತು. ಈ ಸಲದ ವಿಷಯ ಹಾಗೆ ಮುಗಿಯಬಾರದು. ನೀನಿರುವ ಎಜುಕೇಶನ್ ಹಿಲ್‌ಗೆ ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಅಷ್ಟು ದೂರದಲ್ಲಿರುವ ಗಂಡನಿಗೆ ಅಂಚೆಚೀಟಿ ಅಂಟಿಸುವ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ನೀನು ಹಾಕಿದ ಷರತ್ತು ಮರೆತಿಲ್ಲ. ಜುಲೈನಲ್ಲಿ ನರಿಯ ಜಾತಿಯ ಆ ಕಯೋಟಿಗಳು ಆಡಿನ ಎರಡನೆಯ ಮರಿಯನ್ನೂ ಎಳೆದುಕೊಂಡು ಹೋದ ದಿನ ನೀನು ಅಡುಗೆಮನೆಯಲ್ಲಿ ನಿಂತು ಹೇಳಿದೆ, ದೀಪಾವಳಿ ತನಕ ಟೈಮ್ ತಗೋ ಯಾಮಿನಿ, ಅಷ್ಟರಲ್ಲಿ ಇನ್ನೊಂದು ಆಡು ಹೋದ್ರೆ ಮಾತಿಲ್ಲ, ಜಾಗ ಮಾರೋದು. ಹೋಗ್ಲಿಲ್ಲ ಅಂದ್ರೆ ನಾನೇ ವಾಪಸ್ ಬರ್ತೀನಿ, ಮಾರೋ ಮಾತು ಎತ್ತಲ್ಲ, ಅಂತ. ನಾನೂ ಜಂಬದಿಂದ ಆಯ್ತು ಎಂದೆ. ನೀನು ಸೂಟ್‌ಕೇಸಿನ ಜೊತೆ ದೊಡ್ಡ ಕುಕ್ಕರನ್ನೂ ಹೊತ್ತುಕೊಂಡು ಹೋದೆ. ಅದರ ವೆಯ್ಟು ಇಲ್ಲೇ ಉಳಿದಿತ್ತು. ಕಂಡರೂ ನಾನು ಹೇಳಲಿಲ್ಲ.

ನೀನು ಹೋದ ಮೇಲೆ ನಾನು ಏನು ಮಾಡಿದೆ ಎಂದು ನಿನಗೆ ಆಲ್ಫ್ರೆಡ್ ಅಷ್ಟಿಷ್ಟು ಹೇಳಿರಬಹುದು. ಕನ್ನಡ ಸಂಘದ ಊಟದಲ್ಲಿ ಸಿಕ್ಕಾಗ ಅವರಿಗೆ ನನ್ನ ಕಷ್ಟ ಹೇಳಿಕೊಂಡೆ. ಮಿಲ್ ಕ್ರೀಕ್‌ನಲ್ಲಿ ಕೂತು ಇನ್ಶೂರೆನ್ಸ್ ಮಾರುವ ಆ ಮನುಷ್ಯನಿಗೆ, ಉಡುಪಿಯ ಅಜ್ಜ ಹಂದಿ ಹೊಡೆಯುತ್ತಿದ್ದರು ಎಂಬುದೊಂದೇ ಬಂಡವಾಳ. ನಾನಿದ್ದೇನಲ್ಲ ಮಾರಾಯ್ರೆ, ಹಿಡಿಯುವ, ಎಂದರು. ಹೆಂಡತಿ ಗ್ರೇಸಿ ಪಕ್ಕದಲ್ಲೇ ಕೂತು, ಇವರು ಮನೆಯಲ್ಲಿ ಇಲಿ ಬಂದ್ರೆ ಕುರ್ಚಿ ಹತ್ತುದು, ಎಂದಳು. ಇಂಥ ಇಬ್ಬರು, ಆಲ್ಫ್ರೆಡ್ ಮತ್ತು ನಾನು, ಶನಿವಾರಗಳಲ್ಲಿ ಮನ್ರೋ ಕಡೆಯ ಒಂದು ಹಾಲ್‌ನಲ್ಲಿ, ಹೊಸಬರಿಗಾಗಿ ನಡೆಯುವ ಟ್ರ್ಯಾಪಿಂಗ್ ಕ್ಲಾಸಿಗೆ ಸೇರಿದೆವು. ಈ ರಾಜ್ಯದಲ್ಲಿ ಕಾಲು ಹಿಡಿಯುವ ಟ್ರ್ಯಾಪು ಇಡಲು ಯಾರಿಗೆಂದರೆ ಅವರಿಗೆ ಬಿಡುವುದಿಲ್ಲ. ಬೇಲಿ, ದೀಪ, ರೇಡಿಯೊ ಎಲ್ಲ ಇಟ್ಟು ಸೋತಿದ್ದೇವೆ ಎಂದು ತೋರಿಸಿದ ಮೇಲೆ ಪರ್ಮಿಟ್ ಸಿಕ್ಕಿತು. ಸೋತದ್ದಕ್ಕೆ ಇವಿಷ್ಟು ಸಾಕ್ಷಿ ಇದ್ದದ್ದು ಒಳ್ಳೆಯದೇ ಆಯಿತು.

ಟ್ರ್ಯಾಪು ಇಡುವುದೆಂದರೆ ಕಬ್ಬಿಣ ಹೂಳುವುದು ಎಂದುಕೊಂಡಿದ್ದೆ. ಅಲ್ಲ. ಮೊದಲು ತಿಂಗಳುಗಟ್ಟಲೆ ನೆಲ ನೋಡಬೇಕು. ನೋಡುತ್ತ ನೋಡುತ್ತ ನನಗೆ ಮೈ ಜುಮ್ಮೆಂದಿತು, ಅಶ್ವತ್ಥ. ನಾವು ಮಾಲೀಕರೆಂದು ಓಡಾಡಿದ ಈ ನಾಲ್ಕು ಎಕರೆಯಲ್ಲಿ ಅವುಗಳದ್ದೇ ರಸ್ತೆಗಳಿವೆ. ಬ್ಲ್ಯಾಕ್‌ಬೆರಿ ಪೊದೆಯ ಕೆಳಗಿನಿಂದ ಬಂದ ದಾರಿ ಆಲ್ಡರ್ ಮರಗಳ ಹತ್ತಿರ ಇನ್ನೊಂದನ್ನು ಕೂಡುತ್ತದೆ. ಕೂಡುವಲ್ಲಿ ಒಂದು ಹುಲ್ಲಿನ ದಿಬ್ಬ, ಅದರ ಮೇಲೆ ಹಿಕ್ಕೆ. ನಾವು ಅಂಚೆಪೆಟ್ಟಿಗೆ ನೋಡುವಂತೆ ಬಂದವೆಲ್ಲ ಅಲ್ಲಿ ನಿಂತು ಮೂಸಿ ಸುದ್ದಿ ತಿಳಿದು ಹೋಗುತ್ತವೆ. ಹಿಂದಿನ ಕಾಲನ್ನು ಮುಂದಿನ ಕಾಲಿನ ಗುರುತಿನಲ್ಲೇ ಇಟ್ಟು ನಡೆಯುತ್ತವೆ. ಅಷ್ಟು ನೆಟ್ಟಗೆ ನಾನು ಜನ್ಮದಲ್ಲಿ ರಂಗೋಲಿಯ ಗೆರೆ ಎಳೆದಿಲ್ಲ. ನೀನು ಡ್ರೈವ್‌ವೇ ಅಗಲ ಮಾಡಿಸಿದಾಗ ಅವು ತಮ್ಮ ದಾರಿಯನ್ನು ಒಂದು ಮಾರು ಆಚೆಗೆ ಸರಿಸಿಕೊಂಡಿವೆ. ನಮ್ಮನ್ನು ಅವು ಅಷ್ಟು ಕಾಲದಿಂದ ಓದುತ್ತಿದ್ದವು. ನಾವು ಒಂದು ಅಕ್ಷರವನ್ನೂ ಓದಿರಲಿಲ್ಲ.

ಮನುಷ್ಯರ ವಾಸನೆ ತಾಗಬಾರದು ಎಂಬುದು ಕ್ಲಾಸಿನ ದೊಡ್ಡ ಪಾಠ. ಟ್ರ್ಯಾಪುಗಳನ್ನು ಆಲ್ಡರ್ ತೊಗಟೆಯ ಜೊತೆ ಹಂಡೆಯಲ್ಲಿ ಕುದಿಸಿ, ರಬ್ಬರ್ ಗ್ಲೌಸ್ ಹಾಕಿ ತೆಗೆದು, ಹೊರಗೆ ಫರ್ ಮರದ ಕೊಂಬೆಗೆ ನೇತು ಹಾಕಿದೆವು. ಗ್ಲೌಸ್ ಹಾಕಿದರೂ ನಿಮ್ಮ ಇಂಗಿನ ಒಗ್ಗರಣೆ ಬಿಡುದಿಲ್ಲ ಮಾರಾಯ್ರೆ ಎಂದು ಆಲ್ಫ್ರೆಡ್ ಗೊಣಗಿದರು. ನಾನು ಹಟದಿಂದ ವಾರವಿಡೀ ಒಗ್ಗರಣೆ ಹಾಕದ ಸಾರು ಉಂಡೆ.

ಇಷ್ಟೆಲ್ಲ ಮಾಡಿದವಳು ಆಯುಧಪೂಜೆಯ ದಿನ ಏನು ಮಾಡಿದೆ ಗೊತ್ತೆ? ಕಾರು, ಮಿಕ್ಸಿ, ಹಾಲು ಕರೆಯುವ ಮೆಷೀನು, ನೀನು ಬಿಟ್ಟುಹೋದ ಹಳೆಯ ರೌಟರು, ಎಲ್ಲಕ್ಕೂ ಪೂಜೆ ಮಾಡಿದೆ. ಕೊಂಬೆಯ ಮೇಲಿನ ಟ್ರ್ಯಾಪುಗಳನ್ನು ನೋಡಿದಾಗ, ಇವೂ ಆಯುಧವೇ ಅಲ್ಲವೆ, ಇವನ್ನು ಬಿಟ್ಟರೆ ಹೇಗೆ ಎನಿಸಿತು. ಬರಿಗೈಯಲ್ಲಿ ಇಳಿಸಿ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಕರ್ಪೂರ ಬೆಳಗಿದೆ. ನಿಮ್ಮ ಮನೆಯ ಪದ್ಧತಿಯಂತೆ ದಾರಕ್ಕೆ ಅರಿಶಿನದ ಕೊಂಬು ಪೋಣಿಸಿ ದೊಡ್ಡ ಟ್ರ್ಯಾಪಿಗೆ ಕಟ್ಟಿದೆ. ಮೈಸೂರಿನಲ್ಲಿ ಅತ್ತೆ ಹಾರೆಗೂ ಗುದ್ದಲಿಗೂ ಕಟ್ಟುತ್ತಿದ್ದರಲ್ಲ. ನೀನಿಲ್ಲದ ಹಬ್ಬದಲ್ಲಿ ನಿನ್ನ ಕೆಲಸವನ್ನೂ ನಾನೇ ಮಾಡಬೇಕು ಎನ್ನುವ ಗುಂಗಿನಲ್ಲಿದ್ದೆ. ಮಂಗಳಾರತಿ ತೆಗೆದುಕೊಂಡ ಮೇಲೆ ಬುದ್ಧಿ ಬಂತು.

ಶನಿವಾರ ಬಂದ ಆಲ್ಫ್ರೆಡ್ ಮೂಗು ಹಿಡಿದುಕೊಂಡರು. ಇದು ಟ್ರ್ಯಾಪಾ, ದೇವರ ಕೋಣೆಯಾ, ಈ ಪರಿಮಳಕ್ಕೆ ಅದು ಒಂದು ಮೈಲಿ ದೂರ ಓಡ್ತದೆ, ಎಂದರು. ಮತ್ತೆ ಕುದಿಸಲು ಪುರಸೊತ್ತಿಲ್ಲ. ಹೂವು ಕಿತ್ತು, ಕುಂಕುಮ ಒರೆಸಿ, ಅವುಗಳ ದಾರಿಗಳು ಕೂಡುವಲ್ಲೆಲ್ಲ ಹೂಳಿದೆವು. ಮೇಲೆ ಜರಡಿ ಹಿಡಿದ ಮಣ್ಣು, ಮುಂದೆ ಓರೆಯಾಗಿ ಕೊರೆದ ತೂತು, ತೂತಿನಲ್ಲಿ ಮೀನು. ಅರಿಶಿನದ ಕೊಂಬಿನ ದಾರ ಬಿಚ್ಚುವುದು ಮರೆತೇಹೋಯಿತು. ತೊಗಟೆಯ ಬಣ್ಣಕ್ಕೆ ತಿರುಗಿ ಕೀಲಿನ ಸಂದಿಯಲ್ಲಿ ಕೂತಿದ್ದ ಅದು ಇಬ್ಬರಿಗೂ ಕಾಣಲಿಲ್ಲ.

ಕಳೆದ ಮಂಗಳವಾರ ಬೆಳಿಗ್ಗೆ ಎಂದಿನಂತೆ ನೋಡಲು ಹೋದೆ. ಕಣಿವೆಯ ತುಂಬ ಮಂಜು. ವಾಸನೆ ಕಡಿಮೆಯಿದ್ದ ಉಳಿದ ಟ್ರ್ಯಾಪುಗಳ ಹತ್ತಿರ ಯಾವುದೂ ಸುಳಿದಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಕರ್ಪೂರದ ವಾಸನೆಯ ದೊಡ್ಡ ಟ್ರ್ಯಾಪಿನಲ್ಲಿ ಕಯೋಟಿ ಕೂತಿತ್ತು. ಹೊಸ ವಾಸನೆ ಏನೆಂದು ತಿಳಿಯಲೇ ಬಂದಿರಬೇಕು.

ನಾನು ಇದುವರೆಗೆ ಅವುಗಳ ಬೆನ್ನನ್ನು ಮಾತ್ರ ಕಂಡವಳು. ಈಗ ಮುಖ ಕಂಡೆ. ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು, ಕಿವಿಯ ಹಿಂದೆ ಕೆಂಪು, ಕೂದಲಿನ ತುದಿಗಳಲ್ಲಿ ಮಂಜಿನ ಹನಿ. ಅದು ಹಲ್ಲು ಕಿರಿಯಲಿಲ್ಲ, ಒದ್ದಾಡಲಿಲ್ಲ. ಮುಂಗಾಲು ಕಬ್ಬಿಣದಲ್ಲಿಟ್ಟುಕೊಂಡು ನೆಟ್ಟಗೆ ಕೂತು ಹಳದಿ ಕಣ್ಣುಗಳಿಂದ ನನ್ನನ್ನು ನೋಡಿತು. ಅಂಥ ನೋಟವನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ಅದರಲ್ಲಿ ಬೇಡಿಕೆ ಇರಲಿಲ್ಲ, ದ್ವೇಷವೂ ಇರಲಿಲ್ಲ. ಆಲ್ಫ್ರೆಡ್‌ಗೆ ಕಾಲ್ ಮಾಡಿದೆ, ಬಂದೂಕು ತರುತ್ತೇನೆ ಎಂದರು. ನಾನು ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟೆ.

ಆಗ ಇನ್ನೊಂದು ಕಂಡಿತು. ಪೊದೆಯ ಅಂಚಿನಲ್ಲಿ, ಹಗಲು ಹರಿದಿದ್ದರೂ, ಹೆಂಗಸೊಬ್ಬಳು ಎದುರಿಗೇ ಇದ್ದರೂ, ಅದರ ಜೋಡಿ ನಿಂತಿತ್ತು. ನಾನು ಕೈ ತಟ್ಟಿದೆ, ಕಲ್ಲು ಎಸೆದೆ. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಅಲ್ಲೇ ಬಂದು ನಿಂತಿತು. ಅಪಾಯ ಯಾವ ದಿಕ್ಕಿಗಿದೆಯೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು, ಆದರೂ ಬಿಟ್ಟು ಹೋಗಲಿಲ್ಲ. ನಿನ್ನನ್ನು ಚುಚ್ಚಲು ಬರೆಯುತ್ತಿಲ್ಲ. ಸ್ವಲ್ಪ ಚುಚ್ಚಲೂ ಬರೆಯುತ್ತಿದ್ದೇನೆ. ನಮ್ಮ ಮನೆ ಉಳಿಯಬೇಕಾದರೆ, ನೀನು ವಾಪಸ್ ಬರಬೇಕಾದರೆ, ನನ್ನೆದುರು ಕೂತಿದ್ದು ಸಾಯಬೇಕಿತ್ತು. ಅದು ಗೊತ್ತಿದ್ದೂ ನನಗೆ ಆ ಜೋಡಿಯನ್ನು ಕಂಡು ಹೊಟ್ಟೆಕಿಚ್ಚಾಯಿತು.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಪೊದೆಯ ಹತ್ತಿರದ್ದು ಸದ್ದಿಲ್ಲದೆ ಮರೆಯಾಯಿತು, ಆಮೇಲೆ ಇದ್ದಕ್ಕಿದ್ದಂತೆ ನನ್ನ ಬೆನ್ನ ಹಿಂದೆ, ಕೊಟ್ಟಿಗೆಯ ಕಡೆಯಿಂದ, ಅದರ ಕೂಗು ಎದ್ದಿತು. ಆಡುಗಳಿಗೆ ಏನಾಯಿತೋ ಎಂದು ತಿರುಗಿದೆ. ಮತ್ತೆ ಇತ್ತ ನೋಡುವಷ್ಟರಲ್ಲಿ ಟ್ರ್ಯಾಪು ಖಾಲಿ. ಕುಂಟುತ್ತ, ಆದರೆ ಓಡದೆ, ಅದು ಹೊಲ ದಾಟುತ್ತಿತ್ತು. ಸುತ್ತು ಹಾಕಿ ಬಂದ ಜೋಡಿ ಪಕ್ಕಕ್ಕೆ ಸೇರಿಕೊಂಡಿತು. ಎರಡೂ ಮಂಜಿನೊಳಕ್ಕೆ ಹೋದವು. ನನ್ನ ಕೈಗಳು ತಾವಾಗಿ ಮುಗಿದಿದ್ದವು. ಬೆಟ್ಟದ ಮೇಲಿನ ಚಾಮುಂಡಿಯ ಎದುರೂ ನಾನು ಅಷ್ಟು ಮನಸ್ಸಿಟ್ಟು ಕೈಮುಗಿದಿಲ್ಲ.

ಆಲ್ಫ್ರೆಡ್ ಬಂದು ಟ್ರ್ಯಾಪು ಎತ್ತಿ ನೋಡಿದರು. ಕೀಲಿನಲ್ಲಿ ಅರಿಶಿನದ ಕೊಂಬು ಜಜ್ಜಿ ಹೋಗಿತ್ತು. ಅದು ಅಡ್ಡ ಸಿಕ್ಕಿದ್ದರಿಂದ ಟ್ರ್ಯಾಪಿನ ಹಲ್ಲು ಪೂರ್ತಿ ಮುಚ್ಚಿರಲಿಲ್ಲ, ಕಾಲು ಸಡಿಲಾಗಿತ್ತು. ಎಂತ ಮಾರಾಯ್ರೆ, ಟ್ರ್ಯಾಪಿಗೆ ತಾಳಿ ಕಟ್ಟಿದ್ದೀರಾ, ಎಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನನಗೆ ಅಳು ಬಂತು. ಅವರು ಬಂದೂಕನ್ನು ಡಿಕ್ಕಿಯಲ್ಲಿಟ್ಟು, ಒಳ್ಳೇದೇ ಆಯ್ತು, ನನ್ನಿಂದ ಆಗ್ತಿತ್ತೋ ಇಲ್ವೋ, ಎಂದರು. ಅಂದೇ ಎಲ್ಲ ಟ್ರ್ಯಾಪುಗಳನ್ನೂ ಅಗೆದು ತೆಗೆದೆವು.

ಊರಿನಲ್ಲಿ ಏನಾದರೂ ಒಳ್ಳೆಯದಾದರೆ, ಎದ್ದು ನರಿ ಮುಖ ನೋಡಿದ್ದೆಯಾ ಎನ್ನುತ್ತಾರಲ್ಲ. ನಾನು ನರಿಯ ಅಣ್ಣನ ಮುಖವನ್ನೇ ನೋಡಿದ್ದೇನೆ, ಅದೂ ಬೇಕಾದಷ್ಟು ಹೊತ್ತು. ಅದೃಷ್ಟ ಬಂತೋ ಇಲ್ಲವೋ ಹೇಳಲಾರೆ.

ಕರೆಂಟ್ ಬೇಲಿ ಹಾಕಿಸಬೇಕೆಂದಿದ್ದೇನೆ. ಕಾವಲಿಗೆ ದೊಡ್ಡ ಜಾತಿಯ ನಾಯಿಯನ್ನೂ ವಿಚಾರಿಸಿದ್ದೇನೆ. ಆಡುಗಳು ತಿನ್ನುತ್ತಿವೆ, ಹಾಲು ಕೊಡುತ್ತಿವೆ, ಆ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಿನ್ನ ಕೆಮ್ಮು ಹೇಗಿದೆ? ರಾತ್ರಿ ಮೊಸರು ಬಿಡು ಎಂದರೆ ಬಿಡುವವನಲ್ಲ ನೀನು. ದೀಪಾವಳಿಗೆ ಬರುತ್ತೀಯೆಂದು ಎಣ್ಣೆ ತರಿಸಿಟ್ಟಿದ್ದೇನೆ.

ಸಿಟ್ಟು ಪೂರ್ತಿ ಇಳಿಯದ,
ನಿನ್ನ
ಯಾಮಿನಿ

ಪುನಶ್ಚ: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಮೊನ್ನೆ ಶುಕ್ರವಾರ ಬೆಳಿಗ್ಗೆ ನಾನು ಹಾಲು ಕರೆಯುತ್ತಿದ್ದಾಗ ಬೆಳ್ಳಿ ಹಿಂದಿನ ಬೇಲಿಯ ಹತ್ತಿರ ಹೋಗಿದ್ದಳು. ನಮ್ಮ ಆಡುಗಳಲ್ಲೆಲ್ಲ ನಿನ್ನ ಕೈಯಿಂದಲೇ ತಿನ್ನಬೇಕೆಂದು ಹಟ ಹಿಡಿಯುತ್ತಿದ್ದ ಆ ಸಣ್ಣವಳು ಈಗಿಲ್ಲ. ಕೆಸರಿನಲ್ಲಿ ಎರಡು ಜೊತೆ ಹೆಜ್ಜೆಗಳಿವೆ. ಒಂದರ ಮುಂಗಾಲು ಅರ್ಧವಷ್ಟೇ ಒತ್ತಿದೆ. ಮಂಗಳವಾರ ಆಲ್ಫ್ರೆಡ್ ಇನ್ನೊಂದಿಷ್ಟು ಬೇಗ ಬಂದಿದ್ದರೆ ಬೆಳ್ಳಿ ಇರುತ್ತಿದ್ದಳು. ಅವಳಿಗಾಗಿ ಎರಡು ದಿನದಿಂದ ಅಳುತ್ತಿದ್ದೇನೆ. ಆದರೂ ಅವುಗಳ ಮೇಲೆ ಸಿಟ್ಟು ಬರುತ್ತಿಲ್ಲ. ಇದನ್ನು ನಿನ್ನನ್ನು ಬಿಟ್ಟು ಇನ್ನಾರಿಗೆ ಹೇಳಲಿ? ಷರತ್ತಿನಲ್ಲಿ ಗೆದ್ದವನು ನೀನು. ಮಾತಿಗೆ ತಪ್ಪುವುದಿಲ್ಲ, ಜಾಗ ಮಾರೋಣ. ಆದರೆ ಗೆದ್ದೆ ಎಂದು ಫೋನಿನಲ್ಲಿ ಹೇಳಬೇಡ. ಬೆಳಕಿರುವಾಗಲೇ ಇಲ್ಲಿಗೆ ಬಂದು ಹೇಳು. ಸಂಜೆ ಅವೆರಡೂ ಹೊಲ ದಾಟುತ್ತವೆ. ಮಾರುವ ಮೊದಲು ಒಂದು ಸಲ ನನ್ನ ಪಕ್ಕದಲ್ಲಿ ನಿಂತು ನೋಡು.