ಬೇವಿನೆಣ್ಣೆಯ ಕ್ಯಾನಿನಲ್ಲಿ ಏನಿತ್ತು?

ಗುರುವಾರ ಮಧ್ಯಾಹ್ನ
ಹೂ ಬೆಳೆಗಾರರ ಸಂಘದ ಕಚೇರಿಯ ಮೆಟ್ಟಿಲಿನಿಂದ

ಪ್ರೀತಿಯ ತಮ್ಮಾ,

ಮೊನ್ನೆ ಮಂಗಳವಾರ ಬೆಳಿಗ್ಗೆ, ವಿಷ ಹೊಡೆದ ಸೇವಂತಿಗೆ ಸಾಲಿಗೆ ನೀನು ಹೂ ಕೊಯ್ಯುವವರನ್ನು ಇಳಿಸಿದೆ. ಹೊಡೆದದ್ದು ಬೇವಿನೆಣ್ಣೆ ಅಂತ ಸುಳ್ಳು ಹೇಳಿ ಇಳಿಸಿದೆ. ‘ಪ್ರೀತಿಯ’ ಅಂತ ಬರೆದದ್ದು ಅಭ್ಯಾಸಬಲ. ಇರಲಿ, ಅಳಿಸುವುದಿಲ್ಲ.

ಬಾಗಿಲು ಬಡಿದು ಬಡಿದು ಕೈ ಸೋತಿತು. ಫೋನೂ ಎತ್ತುತ್ತಿಲ್ಲ. “ಅಕ್ಕಾ, ನೀ ಸುಮ್ನೆ ಮನೆಗೆ ಹೋಗಿ ಪುಸ್ತಕ ಓದ್ಕೊಂಡಿರು” ಅಂತ ಚಿಲಕ ಹಾಕಿಕೊಂಡು ಒಳಗಿನಿಂದ ಕೂಗಿದೆಯಲ್ಲ, ಈಗ ನೀನೇ ಓದು. ಬಾಗಿಲ ಸಂದಿಯಿಂದ ತೂರಿಸುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಗುಬ್ಬಕ್ಕನಿಗೆ ಜೊಲ್ಲು ನಿಲ್ಲುತ್ತಿಲ್ಲ, ಕೈಕಾಲು ಅದುರುತ್ತಿವೆ. ಅಮ್ಮನ ಕಾಲದಿಂದ ನಮ್ಮ ಹೂ ಕೊಯ್ದವಳು, ನಿನ್ನನ್ನು ಎತ್ತಿ ಆಡಿಸಿದವಳು. ಎರಡು ಕೈಯಲ್ಲೂ ಹೂ ತುಂಬಿಕೊಂಡಿರುವಾಗ ಅನುಮಾನದ ಮೊಗ್ಗನ್ನು ಹಲ್ಲಿನಿಂದ ಸೀಳಿ ಒಳಗೆ ಹುಳ ಇದೆಯೋ ಅಂತ ನೋಡುವುದು ಅವಳ ರೂಢಿ. ನಿನಗೂ ಗೊತ್ತು, ಚಿಕ್ಕಂದಿನಲ್ಲಿ ಅವಳನ್ನು ಅಣಕಿಸುತ್ತಿದ್ದವನು ನೀನೇ. ಮೊನ್ನೆಯೂ ಸೀಳಿದ್ದಾಳೆ. ನಿನ್ನೆ ಮಾತು ಇನ್ನೂ ಬರುತ್ತಿದ್ದಾಗ, “ಹುಳ ಸತ್ತಿತ್ತು ಕಣವ್ವಾ, ನಾನೇ ಗಟ್ಟಿ” ಅಂತ ನಕ್ಕಳು. ಇವತ್ತು ಮಾತಿಲ್ಲ.

ಡಾಕ್ಟರಮ್ಮ ಕೇಳುವುದು ಒಂದೇ, ಯಾವ ಔಷಧಿ ಹೊಡೆದರು ಅಂತ. ಹೆಸರು ಸಿಕ್ಕರೆ ದಾರಿ ಸಿಗುತ್ತದೆ, ಇಲ್ಲದಿದ್ದರೆ ಕತ್ತಲಲ್ಲಿ ತಡಕಿದ ಹಾಗೆ ಅಂದರು. ನೀನು ಅವರಿಗೂ ಬೇವಿನೆಣ್ಣೆ ಅಂದೆಯಂತೆ. ಅವಳಿಗೆ ಮೊದಲಿನಿಂದ ತಲೆಸುತ್ತು, ವಯಸ್ಸಾಯಿತು ಅಂತಲೂ ಸೇರಿಸಿದೆಯಂತೆ.

ನಾನು ತೋಟಕ್ಕೆ ಹೋಗಿ ಬಂದೆ. ಸಾಲಿನ ಬುಡದಲ್ಲಿ ಜೇನು ಸತ್ತು ಬಿದ್ದಿವೆ. ಗಿಡದ ಹೇನು ತಿಂದು ನಮ್ಮನ್ನು ಕಾಯುವ ಗುಲಗಂಜಿ ಹುಳುಗಳೂ ಬೆನ್ನು ಅಡಿಯಾಗಿ ಬಿದ್ದಿವೆ. ಬೇವಿನೆಣ್ಣೆಯ ಕ್ಯಾನು ಮೂಸಿದರೆ ಮೂಗು ಉರಿಯಿತು. ಬೇವು ಹಾಗೆ ಉರಿಸುವುದಿಲ್ಲ.

ಚಿಕ್ಕಪ್ಪ ಯಾವುದೋ ಪುಡಿ ಎರಚಿದ ವರ್ಷ ನೀನು ಮರೆತಿರಬಹುದು, ನಾನು ಮರೆತಿಲ್ಲ. ಅವತ್ತೂ ಮೊದಲು ಸತ್ತದ್ದು ಗುಲಗಂಜಿ ಹುಳುಗಳೇ. ಆಮೇಲೆ ಹೇನು ಕುಡಿಕುಡಿಗೂ ಮುತ್ತಿಕೊಂಡಿತು. ಅಮ್ಮ ಎಲೆ ಮಗುಚಿ ಮಗುಚಿ ಸೋಪು ನೀರು ಹೊಡೆದು, ಹೇನು ಕಟ್ಟಿದ ಕುಡಿಗಳನ್ನು ಚಿವುಟಿ ಸುಟ್ಟು, ನುಸಿಗೆ ಹಳದಿ ಅಂಟು ಹಲಗೆ ನೆಟ್ಟು ತೋಟ ಉಳಿಸಿಕೊಂಡಳು. ಆ ಹೆಸರಿನ ಮೇಲೇ ನೀನು ಸಂಘದ ಅಧ್ಯಕ್ಷನಾದೆ. ಇಲ್ಲಿ ವಿಷ ಹೊಡೆಯುವುದಿಲ್ಲ ಅಂತ ಬೋರ್ಡು ಹಾಕಿಸಿದೆ. ಈ ಸಲ ನುಸಿ ಹೂವಿನ ಒಳಗೇ ಸೇರಿತು, ಪುಷ್ಪ ಪ್ರದರ್ಶನ ಹತ್ತಿರ ಬಂತು, ನಿನಗೆ ತಡೆಯಲಾಗಲಿಲ್ಲ. ಅಷ್ಟು ನನಗೂ ಅರ್ಥವಾಗುತ್ತದೆ. ಹೊಡೆದ ಮೇಲೆ ಕೊಯ್ಲು ನಿಲ್ಲಿಸಿದ್ದರೆ ಇದು ಬರೀ ತಪ್ಪಾಗುತ್ತಿತ್ತು.

“ನಿಜ ಹೇಳಿದ್ರೆ ನಾಳೆಯಿಂದ ನಮ್ಮ ಹೂ ಯಾರು ಮುಟ್ತಾರೆ?” ಅಂತ ನಿನ್ನ ಹೆಂಡತಿಯ ಮೇಲೆ ರೇಗಿದೆಯಂತೆ. ಮುಟ್ಟಿದವಳು ಮಲಗಿದ್ದಾಳೆ, ಅವಳ ಬಗ್ಗೆ ಮಾತಾಡು. ಹೆಸರು ಹೇಳು. ಎರಡು ಬೆರೆಸಿದ್ದರೆ ಎರಡನ್ನೂ ಹೇಳು.

ನಿನ್ನ ಅಕ್ಕ

ತಾ.ಕ.: ಇದರ ಇನ್ನೊಂದು ಪ್ರತಿಯನ್ನು ಇದೇ ಬಾಗಿಲ ಹೊರಮೈಗೆ ಅಂಟಿಸಿದ್ದೇನೆ. ಅಂಟು ಕಲಸಿ ಕೊಟ್ಟವಳು ನಿನ್ನ ಹೆಂಡತಿ. ಬೆಳೆಗಾರರೆಲ್ಲ ಸೇರಿದ್ದಾರೆ, ಹಿಂದೆ ನಿಂತವರಿಗೂ ಕೇಳಲೆಂದು ಈಗ ಅವಳೇ ಗಟ್ಟಿಯಾಗಿ ಓದುತ್ತಿದ್ದಾಳೆ. ಡಾಕ್ಟರಮ್ಮ ನನ್ನ ಫೋನಿನಲ್ಲಿ ಕಾಯುತ್ತಿದ್ದಾರೆ. ಬಾಗಿಲು ತೆಗೆ, ಎಲ್ಲರ ಎದುರಿಗೆ ಹೇಳು: ಏನು ಹೊಡೆದೆ?